ದೋಣಿ ಕೊಳ್ಳಲು ಬಂದವರು

ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಜಯಪ್ರಕಾಶನಿಗೆ ಡಾಕ್ಟರು ಖಂಡಿತವಾಗಿ ಹೇಳಿದ್ದರು: ನಡೆಯಬಹುದು, ಅಂಗಡಿಯಲ್ಲಿ ಕೂರಬಹುದು, ದೋಣಿಯ ಹುಟ್ಟು ಹಾಕುವ ಹಾಗಿಲ್ಲ. ಹಾರಂಗಿ ಹಿನ್ನೀರಿನಲ್ಲಿ ಮೀನು ಹಿಡಿದೇ ಅವನು ಮನೆ ಕಟ್ಟಿದ್ದು, ಮಗಳನ್ನು ಮಡಿಕೇರಿಯಲ್ಲಿ ಓದಿಸಿದ್ದು. ಹೆಬ್ಬಲಸಿನ ಹಲಗೆ ತರಿಸಿ, ಆಚಾರಿಯ ಜೊತೆ ತಾನೂ ಕೂತು ಮಾಡಿಸಿದ ದೋಣಿ ಈಗ ಅಂಗಳದ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಅವನು ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಎದುರಿಗೇ ಕೂರುತ್ತಿದ್ದ. ಕಾಫಿ ಆರುತ್ತಿತ್ತು.

ಹೆಂಡತಿ ಪ್ರಿಯಾಗೆ ಕೊನೆಗೆ ತಡೆಯಲಾಗಲಿಲ್ಲ. "ಹಿಂಗೆ ನೋಡ್ತಾ ಕೂತು ಕೊರಗೋ ಬದ್ಲು ಯಾರಿಗಾದ್ರೂ ಕೊಟ್ಬಿಡಿ. ಇಲ್ಲಿದ್ರೆ ಗೆದ್ದಲಿಗೆ ಆಗೋದು ಅಷ್ಟೇ."

ಅವನು ದೋಣಿಯ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಒಬ್ಬ ಫೋನ್ ಮಾಡಿ ಇಂಜಿನ್ ಇದೆಯಾ ಎಂದು ಕೇಳಿದ. ಇನ್ನೊಬ್ಬ ಮದುವೆ ಫೋಟೋಶೂಟಿಗೆ ಒಂದು ದಿನಕ್ಕೆ ಬಾಡಿಗೆಗೆ ಕೊಡುತ್ತೀರಾ ಎಂದ. ನಿಜವಾಗಿ ನೋಡಲು ಬಂದವರು ಚೆಟ್ಟಳ್ಳಿಯ ಮೊಣ್ಣಪ್ಪ. ತೋಟದಲ್ಲಿ ಹೋಂಸ್ಟೇ ನಡೆಸುವವರು, ನಯವಾದ ಮಾತಿನವರು. ದೋಣಿಯನ್ನು ಅರ್ಧಕ್ಕೆ ಕೊಯ್ಯಿಸಿ, ಗೇಟಿನ ಎರಡೂ ಕಡೆ ಇಟ್ಟು, ಮಣ್ಣು ತುಂಬಿ ಹೂವಿನ ಗಿಡ ಹಾಕುವುದು ಅವರ ಆಲೋಚನೆ. ಜಯಪ್ರಕಾಶನಿಗೆ ಒಳಗೆಲ್ಲೋ ಚುರುಕ್ಕೆಂದಿತು. ಆದರೂ ಮಾರುವ ವಸ್ತು ಮಾರುವುದೇ ಅಂದುಕೊಂಡು, "ಆಗ್ಲಿ ಸರ್" ಎಂದ. ಭಾನುವಾರ ಪಿಕಪ್ ತರುವುದೆಂದು ಮಾತಾಯಿತು.

ಮಾರನೆಯ ದಿನ ಚಿನ್ನಿ ಬಂದಳು. ಹಿನ್ನೀರಿನ ಆಚೆ ದಡದವಳು. ಕಾಫಿ ಪಿಕ್ಕಿಂಗ್ ಇದ್ದಾಗ ಎಸ್ಟೇಟಿಗೆ, ಇಲ್ಲದಾಗ ಬೇರೆಯವರ ತೆಪ್ಪದಲ್ಲಿ ಮೀನಿಗೆ ಹೋಗುವವಳು. ಈ ವರ್ಷ ಅವಳ ಹೆಸರಿಗೇ ಮೀನು ಹಿಡಿಯುವ ಲೈಸೆನ್ಸ್ ಸಿಕ್ಕಿತ್ತು.

"ದೋಣಿ ಕೊಡ್ತೀರಂತಲ್ಲ ಅಣ್ಣ?"

"ಮಾತಾಗೋಯ್ತಲ್ಲಮ್ಮ. ಭಾನುವಾರ ತಗೊಂಡು ಹೋಗ್ತಾರೆ."

"ಯಾವ ಕಡೆಯವ್ರು? ಎಲ್ಲಿ ಮೀನು ಹಿಡೀತಾರೆ?"

"ಮೀನಿಗಲ್ಲ. ಹೂವಿನ ಗಿಡ ಹಾಕಕ್ಕೆ."

ಚಿನ್ನಿ ನಗಲಿಲ್ಲ. ದೋಣಿಯ ಸುತ್ತ ಒಮ್ಮೆ ನಡೆದು, ಬೆರಳ ಗೆಣ್ಣಿನಿಂದ ಹಲಗೆಗಳನ್ನು ತಟ್ಟಿ ನೋಡಿದಳು. "ಗಟ್ಟಿ ಐತೆ" ಎಂದು ತನಗೇ ಹೇಳಿಕೊಂಡು ಗೇಟಿನ ಕಡೆ ತಿರುಗಿದಳು.

"ನಿಲ್ಲಮ್ಮ" ಎಂದ ಜಯಪ್ರಕಾಶ. ಯಾಕೆ ಹೇಳಿದೆನೆಂದು ಅವನಿಗೇ ಗೊತ್ತಾಗಲಿಲ್ಲ.

ಮೊಣ್ಣಪ್ಪನವರಿಗೆ ಫೋನ್ ಹಚ್ಚಿದ. ಹಲಗೆ ಕೊಳೆತಿದೆ ಎಂದುಬಿಟ್ಟರೆ ಸುಲಭವಾಗಿ ಮುಗಿಯುತ್ತದೆ ಅನ್ನಿಸಿತು. ಆದರೆ ಆ ಸುಳ್ಳನ್ನು ಆ ದೋಣಿಯ ಮೇಲೆ ಹೊರಿಸಲು ಬಾಯಿ ಬರಲಿಲ್ಲ.

"ಸರ್, ನಿಮಗೆ ಮಾತು ಕೊಟ್ಟಿದ್ದೀನಿ, ತಪ್ಪೋದಿಲ್ಲ. ಆದ್ರೆ ಇಲ್ಲೊಬ್ರು ಮೀನು ಹಿಡಿಯೋಕೆ ಅಂತ ಕೇಳ್ಕೊಂಡು ಬಂದಿದಾರೆ. ನೀವಾಗಿ ಬೇಡ ಅಂದ್ರೆ ಮಾತ್ರ ಅವ್ರಿಗೆ."

ಮೊಣ್ಣಪ್ಪ ಕೇಳಿದರು: "ಅದಿನ್ನೂ ನೀರಿಗೆ ಇಳೀತದಾ?"

"ಒಣಗಿ ಸಂದು ಬಿಟ್ಟಿದೆ. ನೆನೆಸಿದ್ರೆ ಕೂಡ್ಕೊಳ್ತದೆ."

"ನೆನೆಸಿ. ಭಾನುವಾರ ಬಂದು ನೋಡ್ತೇನೆ." ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ.

ಚಿನ್ನಿ ಊರಿನ ನಾಲ್ಕು ಜನರನ್ನು ಕರೆತಂದಳು. ದೋಣಿಯನ್ನು ದಡಕ್ಕೆ ಹೊತ್ತು, ಕಲ್ಲು ಹೇರಿ, ಮೊಣಕಾಲುದ್ದದ ನೀರಿನಲ್ಲಿ ಮುಳುಗಿಸಿದರು. ಜಯಪ್ರಕಾಶ ದಡದಲ್ಲಿ ಕೂತು ಯಾವ ಕಲ್ಲು ಎಲ್ಲಿಗೆ ಎಂದು ಹೇಳುತ್ತಿದ್ದ. ಆ ದಿನಗಳಲ್ಲಿ ಅವನು ಎರಡೆರಡು ಸಲ ಅನ್ನ ಹಾಕಿಸಿಕೊಂಡು ಉಂಡದ್ದನ್ನು ಪ್ರಿಯಾ ಗಮನಿಸಿದಳು.

ಭಾನುವಾರ ಮೊಣ್ಣಪ್ಪ ಪಿಕಪ್ ಸಮೇತ ಬಂದರು. ಕಲ್ಲು ತೆಗೆದು, ನೀರು ಮೊಗೆದು, ಚಿನ್ನಿ ದೋಣಿ ಹತ್ತಿದಳು. ಹಲಗೆಗಳ ನಡುವೆ ಒಂದಿಷ್ಟು ನೀರು ಜಿನುಗಿತು, ಆಮೇಲೆ ನಿಂತುಹೋಯಿತು. ಅವಳು ಹುಟ್ಟು ಹಾಕಿದ ರಭಸಕ್ಕೆ ದೋಣಿ ಒಂದು ದೊಡ್ಡ ಸುತ್ತು ಹೊಡೆದು ಬಂತು.

"ಅದು ಎಡಕ್ಕೆ ಎಳೀತದೆ. ಆಮೇಲೆ ಹೇಳ್ಲಿಲ್ಲ ಅನ್ಬೇಡ" ಎಂದು ಜಯಪ್ರಕಾಶ ದಡದಿಂದ ಕೂಗಿದ.

"ನಮ್ಮನೆಯೋರೂ ಹಂಗೇ ಬಿಡಿ ಅಣ್ಣ, ಅಭ್ಯಾಸ ಆಗೋಗೈತೆ."

ಮೊಣ್ಣಪ್ಪ ಜೋರಾಗಿ ನಕ್ಕರು. ಆಮೇಲೆ ಪಿಕಪ್ಪಿನ ಡ್ರೈವರಿಗೆ ಗಾಡಿ ತಿರುಗಿಸಿಕೊಳ್ಳಲು ಸನ್ನೆ ಮಾಡಿದರು. "ನಾನು ಅದರ ಕಾಲ ಮುಗೀತು ಅಂದ್ಕೊಂಡಿದ್ದೆ ಜಯಪ್ರಕಾಶ್. ಇದಕ್ಕೆ ಗರಗಸ ಹಾಕ್ಸೋಕೆ ನನ್ನಿಂದ ಆಗಲ್ಲ."

"ನಿಮ್ಮ ಗೇಟಿಗೆ ಸರ್?"

"ಶೆಡ್ಡಲ್ಲಿ ಒಂದು ಹಳೇ ಜೀಪ್ ಇದೆ. ಅದರೊಳಗೆ ಗಿಡ ಹಾಕಿದ್ರಾಯ್ತು." ಹೊರಡುವ ಮುಂಚೆ ಚಿನ್ನಿಯ ನಂಬರು ತೆಗೆದುಕೊಂಡರು. ಹೋಂಸ್ಟೇಗೆ ವಾರವಾರ ಮೀನು ಬೇಕಿತ್ತು.

ದೋಣಿ ಚಿನ್ನಿಯದಾಯಿತು. ಅವಳು ಅದನ್ನು ದಡಕ್ಕೆ ತಾಗಿಸಿ, "ಹತ್ತಿ ಅಣ್ಣ. ಆಚೆ ದಡಕ್ಕೆ ಬಿಡ್ತೀನಿ, ಊಟ ಮಾಡ್ಕೊಂಡು ಬಸ್ಸಲ್ಲಿ ಬರೀರಂತೆ" ಎಂದಳು.

ಜಯಪ್ರಕಾಶ ಪ್ರಿಯಾಳ ಮುಖ ನೋಡಿದ. ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಅವನಿಗಿಂತ ಮೊದಲೇ ದೋಣಿಗೆ ಕಾಲಿಟ್ಟಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ಅದರಲ್ಲಿ ಕೂತಿರಲಿಲ್ಲ, ಅವನೂ ಕರೆದಿರಲಿಲ್ಲ. ಇಬ್ಬರೂ ಮುಂದಿನ ಹಲಗೆಯ ಮೇಲೆ ಒತ್ತಿಕೊಂಡು ಕೂತರು. ಚಿನ್ನಿ ಹಿಂದಿನಿಂದ ಹುಟ್ಟು ಹಾಕಿದಳು. ಎದುರಿಗೆ ಆಚೆ ದಡದವರೆಗೂ ನೀರು ಬಿಟ್ಟರೆ ಬೇರೇನೂ ಇರಲಿಲ್ಲ.

ಪ್ರಿಯಾ ಬಗ್ಗಿ ಕೈ ಅದ್ದಿದಳು. "ಎಷ್ಟು ತಣ್ಣಗಿದೆ ರೀ."

"ಮಧ್ಯಕ್ಕೆ ಹೋಗ್ಲಿ ಇರು" ಎಂದ ಜಯಪ್ರಕಾಶ. "ಇನ್ನೂ ತಣ್ಣಗಿರ್ತದೆ."