ಸಂಸ್ಥೆಗೆ ಅನಿಸಿದೆ

ಗೇಟಿನ ಚಿಲಕ ಸದ್ದಾಯಿತು, ಗಾಳಿ ಇರಬಹುದು, ಗಾಳಿಯೇ ಆಗಿರಲಿ — ಆದರೆ ಗಾಳಿ ಹೀಗೆ ಚಪ್ಪಲಿ ಎಳೆದುಕೊಂಡು ಮೆಟ್ಟಿಲು ಹತ್ತುವುದಿಲ್ಲ, ದೊಡ್ಡಮ್ಮನೇ, ಇವತ್ತೂ ಬಂದರು, ಇವತ್ತೂ ಹೇಳಬೇಕು, ನಡೆಯಲಾಗದ ಮಕ್ಕಳಿಗಾಗಿ ಈ ಮನೆ ಕಟ್ಟಿದವರಿಗೇ ನೀವಿನ್ನು ಬರಬೇಡಿ ಅಂತ, ನಿನ್ನೆ ಹೇಳಿದ್ದನ್ನೇ, ಮೊನ್ನೆ ಹೇಳಿದ್ದನ್ನೇ, ಅವರಿಗೆ ಮಾತ್ರ ನೆನಪು ನಿಲ್ಲುವುದಿಲ್ಲ, ಪ್ರತಿ ಸಲವೂ ಮುಖ ಹೊಸದಾಗಿ ಬಾಡುತ್ತದೆ. ಅವನು ಮೊದಲಿದ್ದ ಕಂಪನಿಯಲ್ಲಿ ಒಬ್ಬರಿಗೆ ಒಮ್ಮೆ ಹೇಳಿದರೆ ಮುಗಿಯುತ್ತಿತ್ತು. ಅಲ್ಲಿ ಅವನ ಹುದ್ದೆಗೆ ಮಾರುದ್ದದ ಹೆಸರಿತ್ತು, ಕೆಲಸ ಗೇಣುದ್ದದ್ದು — ಕೆಲಸದಿಂದ ತೆಗೆಯಬೇಕಾದವರನ್ನು ಎದುರು ಕೂರಿಸಿ, ನೀರಿನ ಲೋಟ ಮುಂದೆ ಸರಿಸಿ, ನಿಮಗೆ ವಿಶ್ರಾಂತಿ ಬೇಕು ಅಂತ ಸಂಸ್ಥೆಗೆ ಅನಿಸಿದೆ ಎನ್ನುವುದು, ಸಂಸ್ಥೆಗೆ ಅನ್ನಿಸೋ ಮನಸ್ಸು ಎಲ್ಲಿಂದ ಬಂತು ಸಾರ್ ಎಂದು ಮುದಿ ಗುಮಾಸ್ತನೊಬ್ಬ ಮೆಲ್ಲಗೆ ಕೇಳಿದ್ದ, ಅದು ಮುಳ್ಳಿನಂತೆ ಒಳಗೇ ಮುರಿದುಕೊಂಡಿತು, ರಾಜೀನಾಮೆ ಕೊಟ್ಟು ಇಲ್ಲಿಗೆ ಬರುತ್ತೇನೆಂದಾಗ ಹೆಂಡತಿ ನಕ್ಕಿದ್ದಳು, ತೋಳ ಕುರಿ ಕಾಯೋಕೆ ಹೊರಟಿದೆ ನೋಡು. ದೊಡ್ಡಮ್ಮ ನಗಲಿಲ್ಲ, ಅಕ್ಕರೆ ನಮ್ಮ ಹತ್ರ ಬೇಕಾದಷ್ಟಿದೆಯಪ್ಪಾ, ನೆಟ್ಟಗೆ ನಡೆಸೋರು ಇಲ್ಲ, ನೀನು ನಡೆಸು, ಎಂದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು ಮಕ್ಕಳ ಕೋಣೆ ಸೇರಿಕೊಂಡರು. ಆಮೇಲೆ ಆ ಬಚ್ಚಲು, ನೆನೆಯಬಾರದು, ನೆನೆಯದೆ ಬಿಡುವುದೂ ಇಲ್ಲ — ಕೂರಲು ಬಾರದ ಮಗುವನ್ನು ತೊಟ್ಟಿಯೊಳಗೆ ಒರಗಿಸಿ ಟವೆಲು ತರಲು ಹೋದ ದೊಡ್ಡಮ್ಮ ಹಿತ್ತಲಲ್ಲಿ ಗುನುಗುತ್ತ ಬಟ್ಟೆ ಮಡಿಸುತ್ತಿದ್ದರು, ನಲ್ಲಿ ಸುರಿಯುತ್ತಲೇ ಇತ್ತು, ನೀರು ಗಲ್ಲದವರೆಗೆ, ಆಯಾ ಓಡಿಹೋಗಿ ಎತ್ತದಿದ್ದರೆ, ಇಲ್ಲ, ಎತ್ತಿದಳು, ಮಗು ಉಳಿಯಿತು, ಯಾರು ಹಾಗೆ ಬಿಟ್ಟು ಹೋದದ್ದು ಎಂದು ದೊಡ್ಡಮ್ಮನೇ ಎಲ್ಲರಿಗಿಂತ ಹೆಚ್ಚು ಅತ್ತರು. ಟ್ರಸ್ಟಿಗಳು ಅವನ ಮುಖ ನೋಡಿದರು, ಇಂಥದ್ದು ಹೇಳಿ ಅಭ್ಯಾಸ ಇರೋದು ನಿಮಗೇ ಅಲ್ವಾ. ಇತ್ತು. ಕೈ ತಾನಾಗಿ ಲೋಟ ಸರಿಸಿತು, ನಾಲಿಗೆ ತಾನಾಗಿ ಹಳೇ ಜಾಡು ಹಿಡಿಯಿತು, ವಿಶ್ರಾಂತಿ ಬೇಕು ಅಂತ ಸಂಸ್ಥೆಗೆ — ದೊಡ್ಡಮ್ಮ ನೀರು ಕುಡಿದು, ನೀನು ಹೇಳಿದ ಮೇಲೆ ಆಯ್ತಪ್ಪಾ, ಎಂದು ಎದ್ದು ಹೋದರು, ಮರುದಿನ ನಗುತ್ತ ಬಂದರು, ಈಗ ಅವರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ತಂಗಿ ಎಷ್ಟು ತಡೆದರೂ ಬರುತ್ತಾರೆ, ಬುದ್ಧಿ ಮರೆತರೂ ಕಾಲು ದಾರಿ ಮರೆತಿಲ್ಲ.

ಬಾಗಿಲಲ್ಲಿ ನಿಂತಿದ್ದಾರೆ. ಎಂದಿನಂತೆ ನೇರ ಮಕ್ಕಳ ಕೋಣೆಗೆ ತಿರುಗಲಿಲ್ಲ, ಪರಸ್ಥಳಕ್ಕೆ ಬಂದವರ ಹಾಗೆ ಹೊಸ್ತಿಲಾಚೆಯೇ, ಸಾರ್, ಎಂದರು, ಅವನಿಗೆ, ಸಾರ್ ಎಂದರು, ಇಲ್ಲಿ ಏನಾದ್ರೂ ಕೆಲಸ ಸಿಗುತ್ತಾ, ಮಕ್ಕಳನ್ನ ನೋಡ್ಕೊಳ್ಳೋದು ನನಗೆ ಬರುತ್ತೆ. ಅವನಿಗೆ ಕಳಿಸುವ ಮಾತು ಗೊತ್ತು, ಸೇರಿಸಿಕೊಳ್ಳುವ ಮಾತೂ ಗೊತ್ತು, ಇದಕ್ಕೆ ಯಾವ ಮಾತು, ತಮ್ಮ ಮೇಲೆ ನಂಬಿಕೆ ಬರಲಿಲ್ಲವೇನೋ ಎಂದು ಅವರು ಎರಡೂ ಕೈ ಚಾಚಿ ತೋರಿಸಿದರು, ಮಗುವಿನ ಮೈಗೆ ಗೀರದಂತೆ ಮೋಟಾಗಿ ಕತ್ತರಿಸಿದ ಉಗುರು, ನೋಡಿ ಸಾರ್ — ಎರಡು ಕೈ, ಹಾಗೇ ಚಾಚಿವೆ, ಕತ್ತರಿಸಿದ ಉಗುರು, ಎರಡೂ ಕೈ, ಕತ್ತರಿಸಿದ ಉಗುರು —