ಹದಿಮೂರು ರೊಟ್ಟಿಯ ಸಿನಿಮಾ

ಸಿನಿಮಾ ಟಿಕೆಟ್ಟಿಗೆ ಇನ್ನೂರ ಅರವತ್ತು ರೂಪಾಯಿ. ದಹಿಸರ್‌ನಿಂದ ಕಾಂದಿವಲಿಗೆ ಲೋಕಲ್ ರೈಲಿನಲ್ಲಿ ಹೋಗಿಬರಲು ಹತ್ತು. ಸ್ಟೇಷನ್ನಿನಿಂದ ಮಾಲ್‌ವರೆಗೆ ರಿಕ್ಷಾಕ್ಕೆ ಮೂವತ್ತು, ಮೊಣಕಾಲು ನೋಯದ ದಿನ ಅದೂ ಉಳಿತಾಯ. ಒಳಗೆ ಮಾರುವ ಪಾಪ್‌ಕಾರ್ನಿನ ಬೆಲೆಯನ್ನು ಗಂಗುಬಾಯಿ ಒಂದೇ ಸಲ ಕೇಳಿದ್ದಳು. ತನಗೇ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿ, ನೀರು ಕುಡಿದು ಬಂದು ಕೂತಿದ್ದಳು.

ಅವಳು ಬಡಿಯುವ ಜೋಳದ ರೊಟ್ಟಿ ಒಂದಕ್ಕೆ ಇಪ್ಪತ್ತು ರೂಪಾಯಿ. ಹದಿಮೂರು ರೊಟ್ಟಿ ಬಡಿದರೆ ಒಂದು ಟಿಕೆಟ್ಟು. ಆದ್ದರಿಂದ ಸಿನಿಮಾ ನೋಡಿ ಬಂದವಳು ಅದು ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಹೇಳುತ್ತಿರಲಿಲ್ಲ. ಒಂಬತ್ತು ರೊಟ್ಟಿ ಎನ್ನುತ್ತಿದ್ದಳು. ನಾಲ್ಕು ಎನ್ನುತ್ತಿದ್ದಳು. ಪೂರ್ತಿ ಹದಿಮೂರು ಸಿಕ್ಕಿದ್ದು ಮೂರು ವರ್ಷದಲ್ಲಿ ಒಂದೇ ಒಂದು ಸಿನಿಮಾಕ್ಕೆ. ರೊಟ್ಟಿ ಕೊಡಲು ಹೋದ ಮನೆಗಳಲ್ಲಿ ಈ ಲೆಕ್ಕ ಬಾಯಿಂದ ಬಾಯಿಗೆ ಹಬ್ಬಿ, ಪೇಪರಿನಲ್ಲಿ ಬರುವ ನಕ್ಷತ್ರಗಳನ್ನು ಬಿಟ್ಟು ಜನ ಇದನ್ನೇ ಕೇಳತೊಡಗಿದ್ದರು.

ಆ ಮಾಲ್‌ನಲ್ಲಿ ಭಾನುವಾರ ಹನ್ನೊಂದಕ್ಕೆ ಒಂದು ಕನ್ನಡ ಆಟ ನಡೆಯುತ್ತಿದ್ದುದು ಸಚಿನನ ಓಡಾಟದಿಂದ. ಬೆಳಗಾವಿ ಕಡೆಯ ಹುಡುಗ, ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಂಪನಿಯಲ್ಲಿ ನೌಕರಿ. ವಾಟ್ಸಾಪ್ ಗುಂಪಿನಲ್ಲಿ ಹೆಸರು ಕೂಡಿಸಿ, ಶನಿವಾರ ರಾತ್ರಿ ಥಿಯೇಟರಿಗೆ ಒಟ್ಟಿಗೆ ಹಣ ಕಟ್ಟಿ ಬರುತ್ತಿದ್ದ. ಒಂದು ಸಿನಿಮಾ ಎರಡು ಭಾನುವಾರ. ಮೊದಲನೆಯ ವಾರ ಗಂಗುಬಾಯಿ ನೋಡಿ ಬಂದು ಫೋನಿನಲ್ಲಿ ಮಾತಾಡಿ ಕಳಿಸುವಳು, ಅವನು ಅದನ್ನು ಗುಂಪಿಗೆ ಹಾಕುವನು, ಅದನ್ನು ಕೇಳಿ ಎರಡನೆಯ ವಾರದ ಜನ ಬರುವರು.

ಈ ಸಲದ ಸಿನಿಮಾಕ್ಕೆ ಮೊದಲ ಭಾನುವಾರ ಬಂದವರು ಐವತ್ತೆರಡು ಮಂದಿ. ಅಂದು ಸಂಜೆ ಗಂಗುಬಾಯಿ ಗ್ಯಾಸ್ ಕಟ್ಟೆಗೆ ಒರಗಿ ನಿಂತು ಕಳಿಸಿದ ಮಾತು ಹೀಗಿತ್ತು:

“ನಾಯಕ ಬಂದೂಕ ಹಿಡಕೊಂಡು ನಡದಾನ, ನಡದಾನ, ನಡದಾನ. ಅಷ್ಟು ನಡದಿದ್ರ ದಹಿಸರ್‌ದಿಂದ ಬೋರಿವಲಿ ಮುಟ್ಟತಿದ್ದ. ಎಲ್ಲಾ ಕತ್ತಲಿ. ಯಾರು ಯಾರಿಗೆ ಹೊಡದ್ರು ಶಿವನಿಗೇ ಗೊತ್ತು. ಕಡೀಕ ನೋಡಿದ್ರ, ಉಳಿದ ಕಥಿ ಎರಡನೇ ಭಾಗದಾಗ ಅಂತ. ನಾ ಅರ್ಧಾ ರೊಟ್ಟಿ ಕೊಟ್ಟು, ಉಳಿದರ್ಧಾ ಬರೋ ವರ್ಷ ಅಂದ್ರ ನೀವು ಪೂರಾ ರೊಕ್ಕ ಕೊಡ್ತೀರೇನು? ಆದ್ರ ಇಂಟರ್‌ವಲ್ ಆದಮ್ಯಾಲೆ ಹಿಟ್ಟಿನ ಗಿರಣಿ ನಡಸೋ ಒಬ್ಬಾಕಿ ಬರತಾಳ. ಜಾಗಾ ಕೊಳ್ಳಾಕ ದಲಾಲ ಬಂದ್ರ ಆಕಿ ಗಿರಣಿ ಬಂದ್ ಮಾಡಂಗಿಲ್ಲ. ಅವ ಒದರಿ ಒದರಿ ಸಣ್ಣವನಾಗತಾನ. ಆಕಿ ಬೀಳೋ ಹಿಟ್ಟು ಎರಡು ಬೆರಳಾಗ ತಿಕ್ಕಿ ನೋಡತಾಳ, ಅಷ್ಟ. ಅದನ್ನ ಬರದವರು ಗಿರಣ್ಯಾಗ ನಿಂತು ನೋಡ್ಯಾರ. ನನ್ನ ಕಣ್ಣಾಗ ನೀರು ಬಂತು. ಹಿಂಥಾ ಹೆಂಗಸನ್ನ ಸಿನಿಮಾದಾಗ ನೋಡಿ ಭಾಳ ವರ್ಷ ಆಗಿತ್ತು. ಒಟ್ಟ ಆರು ರೊಟ್ಟಿ.”

ತನ್ನ ದನಿಯನ್ನು ತಾನೇ ಕೇಳುವುದೆಂದರೆ ಗಂಗುಬಾಯಿಗೆ ನಾಚಿಕೆ. ಹಾಗಾಗಿ ಗುಂಪಿಗೆ ಏನು ಹೋಯಿತೆಂದು ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಕಾಂದಿವಲಿಯಲ್ಲಿ ಅಲಮೇಲಮ್ಮನ ಮನೆಗೆ ರೊಟ್ಟಿ ಕೊಡಲು ಹೋದಾಗ ವಿಷಯ ಗೊತ್ತಾಯಿತು. ಅಲಮೇಲಮ್ಮ ಮೈಸೂರಿನವರು. ಗಂಡ ಕೇಶವಮೂರ್ತಿ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಇಬ್ಬರೂ ಮಗನ ಜೊತೆ ಇದ್ದರು. ನಾಳೆಗೆ ಐದು ಹೆಸರು ಕೊಟ್ಟಿದ್ದೇವೆ, ಮೊಮ್ಮಗಳು ಇಂಚರಾಳೂ ಬರುತ್ತಾಳೆ ಎಂದು ಅವರು ಸಡಗರದಿಂದ ಹೇಳಿದರು. ಮನೆಯಲ್ಲಿ ಹಿಂದಿಯಲ್ಲೇ ಮಾತಾಡುವ ಹುಡುಗಿಯನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲವಂತೆ.

“ಆರು ರೊಟ್ಟಿ ಸಿನಿಮಾಕ್ಕ ಐದು ಮಂದಿ ಯಾಕ್ರಿ?” ಎಂದಳು ಗಂಗುಬಾಯಿ.

“ಆರು ಅಂತ ಎಲ್ಲಿ ಹೇಳಿದ್ರಿ? ಕಣ್ಣಲ್ಲಿ ನೀರು ಬಂತು ಅಂದ್ರಿ. ರೊಟ್ಟಿ ಲೆಕ್ಕ ಇರ್ಲಿಲ್ಲ. ಲೆಕ್ಕ ಹೇಳೋಕೂ ಮಾತು ಬರದಷ್ಟು ಚೆನ್ನಾಗಿದೆಯೇನೋ ಅಂತ ಇವರಂದ್ರು.”

ಅಲಮೇಲಮ್ಮ ಫೋನ್ ತಂದು ಕೇಳಿಸಿದರು. ಗಿರಣಿಯ ಹೆಂಗಸಿನಿಂದ ಶುರುವಾಗಿ ಕಣ್ಣೀರಿಗೆ ಮುಗಿದಿತ್ತು. ನಡೆಯುವ ನಾಯಕನಿಲ್ಲ, ಕತ್ತಲೆಯಿಲ್ಲ, ಅರ್ಧ ರೊಟ್ಟಿಯಿಲ್ಲ. ತನ್ನದೇ ದನಿ ಯಾರದೋ ದನಿಯಂತೆ ಕೇಳಿ ಗಂಗುಬಾಯಿ ಚೀಲ ಎತ್ತಿಕೊಂಡು ಎದ್ದಳು.

ಅವಳು ಫೋನ್ ಮಾಡಿ ಕರೆದದ್ದಕ್ಕೆ ಸಚಿನ ಮಧ್ಯಾಹ್ನ ಅವಳ ಮನೆಗೆ ಬಂದ. ಅವನಿಗೂ ಅವನದೇ ಕಷ್ಟವಿತ್ತು. ನಾಳೆ ನೂರು ಸೀಟು ತುಂಬದಿದ್ದರೆ ಹನ್ನೊಂದರ ಆಟ ಬೇರೆ ಸಿನಿಮಾಕ್ಕೆ ಕೊಡುತ್ತೇನೆಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದ. ಈಗ ನೂರ ಹದಿನೆಂಟು ಹೆಸರು ಬಂದಿದ್ದವು. ಆಟ ನಿಂತರೆ ಈ ಕಡೆ ಕನ್ನಡ ಸಿನಿಮಾನೇ ಇಲ್ಲ ಎಂದ.

“ನಾ ಒಂದ ಮಾತೂ ಸೇರಿಸಿಲ್ಲ ಕಾಕೂ. ಕಡಿಮಿ ಮಾಡೀನಿ ಅಷ್ಟ.”

“ಹಂಗಾರ ನಾಳಿಂದ ನಾನೂ ಡಜನ್ ರೊಟ್ಟಿ ಅಂತ ಎಂಟು ಕೊಡ್ತೀನಿ. ಸೇರಿಸಿಲ್ಲಲ್ಲ, ಕಡಿಮಿ ಮಾಡೀನಿ.”

ಗಂಗುಬಾಯಿ ಅವನ ಮುಂದೆ ಚಹಾ ಇಟ್ಟಳು. ಆಟ ನಿಲ್ಲುವುದು ಅವಳಿಗೆ ಅವನಿಗಿಂತ ಹೆಚ್ಚಿನ ಸಂಕಟ. ವಾರವೆಲ್ಲ ಒಲೆಯ ಮುಂದೆ ನಿಲ್ಲುವವಳಿಗೆ ಆ ಮೂರು ತಾಸು ತಣ್ಣಗೆ ಕೂತು, ನೂರು ಜನರೊಡನೆ ತನ್ನ ಮಾತಿನಲ್ಲಿ ನಗುವುದು ಬೇರೆಲ್ಲೂ ಸಿಗುತ್ತಿರಲಿಲ್ಲ. ಸುಮ್ಮನಿದ್ದುಬಿಟ್ಟರೆ ನಾಳೆಯ ಮಟ್ಟಿಗೆ ಅದು ಉಳಿಯುತ್ತಿತ್ತು. ಆದರೂ ಅವಳ ಮನಸ್ಸು ಒಪ್ಪಲಿಲ್ಲ.

“ನೋಡು, ಸಚಿನ. ಸುಟ್ಟ ರೊಟ್ಟಿ ಸುಟ್ಟದ ಅಂತ ಹೇಳಿ ಕೊಟ್ರ ಕೆಲವರು ತಗೋತಾರ, ಸುಟ್ಟದ್ದ ರುಚಿ ಅನ್ನವರೂ ಇದ್ದಾರ. ಹೇಳದ ಕೊಟ್ರ ಒಂದ ದಿನದ ವ್ಯಾಪಾರ. ನಾಳೆ ನೂರ ಹದಿನೆಂಟು ಮಂದಿ ಬಂದು ನನ್ನ ಬೈಕೋತ ಮನಿಗೆ ಹೋದ್ರ, ಮುಂದಿನ ಸಿನಿಮಾಕ್ಕ ಯಾರ ಮಾತು ಕೇಳಿಸ್ತಿ?”

ಅವನು ಅವಳ ಎದುರಿಗೇ ಕೂತು ಪೂರ್ತಿ ಮಾತನ್ನು ಗುಂಪಿಗೆ ಹಾಕಿದ. ಕೆಳಗೆ ಗಂಗುಬಾಯಿ ಇನ್ನಷ್ಟು ಹೇಳಿ ಸೇರಿಸಿದಳು: ಮೊದಲು ಹಾಕಿದ್ದು ತುಂಡು, ಇದು ಪೂರಾ. ಬೇಡ ಅನ್ನುವವರು ಸಂಜೆ ಏಳರೊಳಗೆ ಹೇಳಿದರೆ ಹಣ ವಾಪಸು. ಬರುವವರು ಮೊದಲರ್ಧದಲ್ಲಿ ನಿದ್ದೆ ಮಾಡಬಹುದು, ಗಿರಣಿ ಬಂದಾಗ ನಾನೇ ಎಬ್ಬಿಸುತ್ತೇನೆ.

ಏಳು ಗಂಟೆಯೊಳಗೆ ನಲವತ್ತೊಂದು ಹೆಸರು ಹೋದವು. ಸಚಿನ ಒಂದೊಂದನ್ನೂ ಹೊಡೆದು ಹಾಕುವಾಗ ನಿಟ್ಟುಸಿರು ಬಿಡುತ್ತಿದ್ದ. ಆಮೇಲೆ ಹೊಸದಾಗಿ ಹನ್ನೆರಡು ಬಂದವು. ದಹಿಸರ್‌ನಲ್ಲಿ ಕಿರಾಣಿ ಅಂಗಡಿ ಇರುವ ದಾನಪ್ಪ, ಎರಡು ವರ್ಷದಿಂದ ಇತ್ತ ತಲೆ ಹಾಕದವನು, ಸಿನಿಮಾಕ್ಕಲ್ಲ, ಎಬ್ಬಿಸುವುದನ್ನು ನೋಡಲು ಬರುತ್ತೇನೆಂದು ಬರೆದಿದ್ದ. ಅಲಮೇಲಮ್ಮನ ಐದು ಹೆಸರು ಹಾಗೇ ಉಳಿದವು. ಒಟ್ಟು ಎಂಬತ್ತೊಂಬತ್ತು.

ಭಾನುವಾರ ನಾಯಕ ಬಂದೂಕು ಹಿಡಿದು ನಡೆಯತೊಡಗಿದಾಗ ಹಿಂದಿನ ಸಾಲಿನಿಂದ ದಾನಪ್ಪನ ದನಿ ಬಂತು, “ಬೋರಿವಲಿ ಬಂತ್ರೀ, ಇಳೀರಿ.” ಹಾಲ್ ಪೂರ್ತಿ ನಕ್ಕಿತು. ಕೆಟ್ಟದ್ದು ಎಂದು ಮೊದಲೇ ಗೊತ್ತಿದ್ದರೆ ಕೆಟ್ಟದ್ದನ್ನೂ ಕೂತು ನೋಡಬಹುದೆಂದು ಗಂಗುಬಾಯಿಗೆ ಅಂದು ತಿಳಿಯಿತು. ನಿದ್ದೆಯನ್ನಂತೂ ಯಾರೂ ಮಾಡಲಿಲ್ಲ. ಗಿರಣಿಯ ಹೆಂಗಸು ಹಿಟ್ಟು ತಿಕ್ಕಿ ನೋಡುವಾಗ ಕೆಮ್ಮುವವರೂ ಕೆಮ್ಮು ತಡೆದರು. ಹೊರಗೆ ಬಂದ ಮೇಲೆ ಇಂಚರಾ ಗಂಗುಬಾಯಿಯ ಹತ್ತಿರ ಬಂದು ಹುಡುಕಿ ಹುಡುಕಿ ಮಾತು ಜೋಡಿಸಿದಳು: “ಆಂಟಿ, ನಾನು ಏಳು ರೊಟ್ಟಿ ಕೊಡ್ತೀನಿ. ನಿಮಗಿಂತ ಒನ್ ಜಾಸ್ತಿ. ನೆಕ್ಸ್ಟ್ ಯಾವಾಗ?”

ಅದಕ್ಕೆ ಉತ್ತರ ಮ್ಯಾನೇಜರನ ಕೈಯಲ್ಲಿತ್ತು. ಸೋಮವಾರ ಸಚಿನ ಹೋಗಿ ಮಾತಾಡಿದ. ನೂರಕ್ಕೆ ಹನ್ನೊಂದು ಕಡಿಮೆ, ಮಾತೆಂದರೆ ಮಾತು ಎಂದ ಮ್ಯಾನೇಜರ್. ಆದರೆ ಇಂಟರ್‌ವಲ್‌ನಲ್ಲಿ ಒಬ್ಬರೂ ಎದ್ದು ಮನೆಗೆ ಹೋಗದಿದ್ದುದನ್ನು ಅವನೂ ಗಮನಿಸಿದ್ದ. ಮೇಲಿನ ಮಹಡಿಯಲ್ಲಿ ತೊಂಬತ್ತು ಸೀಟಿನ ಸಣ್ಣ ಪರದೆಯಿದೆ, ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಖಾಲಿ ಇರುತ್ತದೆ, ಬೇಕಾದರೆ ಆರು ತಿಂಗಳು ನಡೆಸಿಕೊಳ್ಳಿ ಎಂದ.

ಮುಂದಿನ ಸಿನಿಮಾದ ಎರಡನೆಯ ವಾರಕ್ಕೆ, ಗಂಗುಬಾಯಿ ಹತ್ತು ರೊಟ್ಟಿ ಅಂದ ಮೇಲೆ, ಬುಧವಾರದೊಳಗೇ ತೊಂಬತ್ತೂ ತುಂಬಿದವು. ಹನ್ನೊಂದು ಗಂಟೆಯ ಆಟ ಹೋಯಿತು, ದೊಡ್ಡ ಪರದೆಯೂ ಹೋಯಿತು. ಒಂಬತ್ತೂಕಾಲಿನ ಆಟ ಸಿಕ್ಕಿತು. ಭಾನುವಾರದ ರೊಟ್ಟಿ ಮುಗಿಸಿ ಹೊರಡಬೇಕೆಂದರೆ ಗಂಗುಬಾಯಿ ಈಗ ನಾಲ್ಕಕ್ಕೇ ಏಳಬೇಕು.