ಏರುವಾಗ ಮಾತ್ರ ನಿಲ್ಲುವ ಡ್ರೈವರ್

ಗೋವಾದ ಸಾಂಕೋಲೆಯ ಗುಡ್ಡದ ಮೇಲೆ ನಮ್ಮ ಕಡೆಯಿಂದ ದುಡಿಯಲು ಹೋದವರ ಮೂವತ್ತು ನಲವತ್ತು ಮನೆಗಳು. ಮನೆಗಳು ಮೇಲೆ, ನೀರಿನ ನಳ ಕೆಳಗೆ ರಸ್ತೆಯ ಬದಿಗೆ. ಮುಂಜಾನೆ ಒಂದು ತಾಸು ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಬೆಳಕು ಹರಿಯುತ್ತಲೇ ಕೊಡ ಹೊತ್ತವರು, ಕ್ಯಾನು ಹಿಡಿದವರು ಗುಡ್ಡ ಏರುವುದು, ಇಳಿಯುವುದು ನಡೆದೇ ಇರುತ್ತಿತ್ತು.

1993ರ ಮಾತು. ಆ ಸಾಲಿನಲ್ಲಿ ದಾವಲಮಲಿಕನೂ ಇದ್ದ. ವಿಜಾಪುರದ ಕಡೆಯವನು, ವಯಸ್ಸು ನಲವತ್ತೆಂಟು. ವೆರ್ಣಾದ ಕಾರ್ಖಾನೆಗಳಿಗೆ ಕೆಲಸಗಾರರನ್ನು ಒಯ್ಯುವ ಬಸ್ಸಿನ ಡ್ರೈವರ್. ಹದಿನಾರು ವರ್ಷ ಓಡಿಸಿದರೂ ಬಸ್ಸಿಗೆ ಒಂದು ಗೀರು ಬಿದ್ದಿಲ್ಲ ಎಂಬುದು ಅವನ ಹೆಮ್ಮೆ. ಮನೆಗೆ ನೀರು ತರುವ ಕೆಲಸವನ್ನೂ ಪೂರ್ತಿ ಹೆಂಡತಿ ಲಾಲಬಿಗೆ ಬಿಡುತ್ತಿರಲಿಲ್ಲ; ಆಕೆ ಕುಡಿಯುವ ನೀರಿನ ಒಂದು ಕೊಡ ತಂದರೆ ಉಳಿದದ್ದೆಲ್ಲ ಅವನದೇ. ಎರಡು ಕೈಯಲ್ಲಿ ಇಪ್ಪತ್ತು ಲೀಟರಿನ ಎರಡು ಕ್ಯಾನು, ಮುಂಜಾನೆಗೆ ಮೂರು ಸಲ.

ಮೊದಲಿನಿಂದಲೂ ಮಾತು ಕಡಿಮೆಯ ಮನುಷ್ಯ. ಆದರೆ ಆ ವರ್ಷ ಮಳೆಗಾಲ ಮುಗಿದದ್ದೇ ತಡ, ಇದ್ದಕ್ಕಿದ್ದಂತೆ ಮಾತುಗಾರನಾದ. ಗುಡ್ಡದ ಅರ್ಧ ದಾರಿಯಲ್ಲಿ ಫಕೀರವ್ವನ ಮನೆ. ಆಕೆ ವಾಸ್ಕೋದ ಒಂದು ದವಾಖಾನೆಯಲ್ಲಿ ಹದಿನೆಂಟು ವರ್ಷ ಆಯಾ ಆಗಿ ದುಡಿದು, ಈಗ ಮನೆಯಲ್ಲೇ ಇದ್ದಳು. ದಾವಲ ದಿನಾ ಅವಳ ಕಟ್ಟೆಯ ಮುಂದೆ ಕ್ಯಾನು ಇಳಿಸುತ್ತಿದ್ದ, ಬೀಡಿ ಹೊತ್ತಿಸುತ್ತಿದ್ದ, ಕುಶಲ ಕೇಳುತ್ತಿದ್ದ. ಮೊಣಕಾಲು ಹೇಗಿದೆ ಎಂದ. ಮಗಳ ಕಾಗದ ಬಂತೇ ಎಂದ. ಕೇಳಲು ಏನೂ ಉಳಿಯದೆ ಕೊನೆಗೆ ಕೋಳಿ ಹೇಗಿದೆ ಎಂದ.

"ಕೋಳಿ ರವಿವಾರನ ಸಾರಿಗೆ ಹೋತಪಾ," ಎಂದಳು ಫಕೀರವ್ವ. "ನಿನ್ನೆನೂ ಇದನ್ನ ಕೇಳಿದಿ, ನಿನ್ನೆನೂ ಇದನ್ನ ಹೇಳೇನಿ."

ಲಾಲಬಿ ಇದನ್ನು ಕೇಳಿ ನಳದ ಹತ್ತಿರ ಎಲ್ಲರ ಮುಂದೆ ನಗಾಡಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ತನ್ನ ಮೊಣಕಾಲು ಎಲ್ಲಿದೆ ಎಂದೇ ಇವರಿಗೆ ಗೊತ್ತಿಲ್ಲ, ಫಕೀರವ್ವಕ್ಕನ ಮೊಣಕಾಲಿನ ವರದಿ ಮಾತ್ರ ದಿನಾ ಬೇಕು ಎಂದಳು. ಸಾಲಿನವರೆಲ್ಲ ನಕ್ಕರು. ದಾವಲನೂ ನಕ್ಕ. ನಕ್ಕರೆ ಸಾಕು, ಯಾರೂ ಹೆಚ್ಚು ಕೇಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಖರೇ ಸಂಗತಿ ಬೇರೆಯೇ ಇತ್ತು. ಕ್ಯಾನು ಹಿಡಿದು ಅರ್ಧ ಗುಡ್ಡ ಏರುವಷ್ಟರಲ್ಲಿ ಎದೆಯ ಮೇಲೆ ಯಾರೋ ಕೂತ ಹಾಗೆ ಬಿಗಿಯುತ್ತಿತ್ತು. ಎಡ ಭುಜ ಜಗ್ಗಿ, ಆ ಜಗ್ಗು ಮೊಣಕೈವರೆಗೆ ಇಳಿಯುತ್ತಿತ್ತು. ಐದು ನಿಮಿಷ ನಿಂತರೆ ಎಲ್ಲ ಮಾಯ. ಗ್ಯಾಸು ಎಂದು ಅವನು ತನಗೆ ತಾನೇ ಹೇಳಿಕೊಂಡ. ಸೋಡಾ ಕುಡಿದ, ಓಮ ಅಗಿದ. ದವಾಖಾನೆಯ ಹೆಸರು ಮಾತ್ರ ಎತ್ತಲಿಲ್ಲ. ಡ್ರೈವರನ ಎದೆ ನೋಯುತ್ತದೆಂದು ಗುತ್ತಿಗೆದಾರನ ಕಿವಿಗೆ ಬಿದ್ದರೆ ಮರುದಿನವೇ ಬಸ್ಸಿನಿಂದ ಇಳಿಸುತ್ತಾರೆ ಎಂಬ ಅಂಜಿಕೆ ಅವನಿಗೆ.

ಫಕೀರವ್ವ ಎಲ್ಲರ ಜೊತೆ ನಕ್ಕಳಾದರೂ ಅವಳ ಕಣ್ಣು ದವಾಖಾನೆಯಲ್ಲಿ ಪಳಗಿದ್ದು. ಒಂದು ವಾರ ಸುಮ್ಮನೆ ನೋಡಿದಳು. ಒಂದು ಮುಂಜಾನೆ ದಾವಲ ಬಂದು ಕ್ಯಾನು ಇಳಿಸಿ, ಬೀಡಿಗೆ ಕೈ ಹಾಕುತ್ತಲೇ ಕೇಳಿದಳು.

"ತಮ್ಮಾ, ಏರೂವಾಗ ಮೂರು ಸಲ ನನ್ನ ಕುಶಲ ಕೇಳ್ತಿ. ಇಳಿಯೂವಾಗ ಒಂದ ಸಲನೂ ಈ ಕಡೆ ಹೊಳ್ಳಿ ನೋಡೂದಿಲ್ಲ. ಯಾಕ?"

ದಾವಲ ಬೀಡಿಗೆ ಹಾಕಿದ ಕೈ ಹಿಂದೆ ತೆಗೆದ. ಸ್ವಲ್ಪ ಗ್ಯಾಸು ಆಗಿದೆ ಅಕ್ಕಾ ಎಂದ.

"ಗ್ಯಾಸಿಗೆ ಚಡಾವು ಯಾವುದು, ಇಳಕಲು ಯಾವುದು ಗೊತ್ತಾಕ್ಕೈತೇನು? ಖಾಲಿ ಕ್ಯಾನು ಹಿಡಕೊಂಡು ಇಳಿಯೂವಾಗ ಬರೂದಿಲ್ಲ, ತುಂಬಿದ ಕ್ಯಾನು ಹಿಡಕೊಂಡು ಏರೂವಾಗ ಅಷ್ಟ ಬರತೈತಿ ಅಂದ್ರ ಅದು ಹೊಟ್ಟಿದಲ್ಲ, ಎದೀದು."

ಆಮೇಲೆ ಆಕೆ ತನ್ನ ಗಂಡ ಬಾಲಪ್ಪನ ವಿಷಯ ಹೇಳಿದಳು. ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದವನು. ಅವನೂ ಹೀಗೇ ಏರುವಾಗ ನಿಲ್ಲುತ್ತಿದ್ದ, ಅವನಿಗೂ ಗ್ಯಾಸೇ ಎಂದು ಸೋಡಾ ಕುಡಿಸಿದರು. ಇಪ್ಪತ್ತು ದಿನ ಕುಡಿಸಿದರು. ಇಪ್ಪತ್ತೊಂದನೆಯ ದಿನ ಕುಡಿಯಲು ಅವನಿರಲಿಲ್ಲ.

ಇಷ್ಟರಲ್ಲಿ ಲಾಲಬಿ ಕೊಡ ಹೊತ್ತು ಹಿಂದೆಯೇ ಬಂದಿದ್ದಳು. ಅರ್ಧ ಮಾತು ಕೇಳಿಸಿತ್ತು, ಉಳಿದರ್ಧ ಗಂಡನ ಮುಖದಲ್ಲಿತ್ತು. ಕೊಡ ಇಳಿಸಿ, ಎಷ್ಟು ದಿನದಿಂದ ಎಂದಷ್ಟೇ ಕೇಳಿದಳು. ಒಂದು ತಿಂಗಳು ಎಂದ.

"ಒಂದು ತಿಂಗಳಿಂದ ದಿನಾ ನಲವತ್ತು ಮಂದೀನ ಕೂಡಿಸಿಕೊಂಡು ಘಾಟ ಇಳದೀರಿ?"

ಆ ಪ್ರಶ್ನೆ ದಾವಲನಿಗೆ ನಾಟಿತು. ತನ್ನ ಹೊಟ್ಟೆಪಾಡಷ್ಟೇ ನೋಡಿದ್ದ, ಹಿಂದೆ ಕೂತವರ ಲೆಕ್ಕ ಹಾಕಿರಲಿಲ್ಲ. ತಲೆ ತಗ್ಗಿಸಿದ.

"ಸ್ಟೇರಿಂಗ್ ಬಿಡಿಸ್ತಾರ ಲಾಲಬಿ. ಅದು ಹೋದಮ್ಯಾಲೆ ನನ್ನ ಕಡೆ ಏನು ಉಳೀತೈತಿ?"

"ನೀವು ಉಳೀತೀರಿ. ನನಗ ಅಷ್ಟ ಸಾಕು."

ಅಂದು ಬೇರೆ ಡ್ರೈವರ್ ಬಸ್ಸು ತೆಗೆದ. ಮೂವರೂ ರಿಕ್ಷಾದಲ್ಲಿ ವಾಸ್ಕೋಗೆ ಹೋದರು. ಡಾಕ್ಟರು ಬೀಡಿ ಎಷ್ಟು ಎಂದು ಕೇಳಿದರು. ನಾಲ್ಕೈದು ಎಂದ ದಾವಲ. ಲಾಲಬಿ ಅವನ ಅಂಗಿಯ ಜೇಬಿಗೆ ಕೈ ಹಾಕಿ ಒಂದು ಖಾಲಿ ಕಟ್ಟು, ಒಂದು ಅರ್ಧ ಕಟ್ಟು ತೆಗೆದು ಮೇಜಿನ ಮೇಲಿಟ್ಟು, ಇದು ನಿನ್ನೆಯಿಂದ ಈಚಿನದು ಎಂದಳು. ಡಾಕ್ಟರು ನಕ್ಕರು, ಬರೆದುಕೊಂಡರು. ರಕ್ತದೊತ್ತಡ ನೋಡಿದರೆ ಹೆಚ್ಚಿತ್ತು. ಮಲಗಿಸಿ ಎದೆಗೆ ವಾಯರು ಹಚ್ಚಿ ಇಸಿಜಿ ತೆಗೆದರು. ಅದು ಸರಿಯಾಗಿಯೇ ಬಂತು.

ದಾವಲನ ಮುಖ ಅರಳಿತು. ನಾನು ಹೇಳಲಿಲ್ಲವೇ ಗ್ಯಾಸೆಂದು, ಎನ್ನುತ್ತ ಅಂಗಿ ತೊಟ್ಟುಕೊಳ್ಳತೊಡಗಿದ.

"ಮಕ್ಕೊಂಡಾಗ ಎರಡು ಕ್ಯಾನು ಹಿಡದಿದ್ದೇನು?" ಎಂದಳು ಫಕೀರವ್ವ. ಡಾಕ್ಟರಿಗೆ ಗುಡ್ಡ, ನಳ, ಕಟ್ಟೆ ಎಲ್ಲವನ್ನೂ ಬಿಡಿಸಿ ಹೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ ದಾವಲನಿಗೆ ಅವನದೇ ಭಾಷೆಯಲ್ಲಿ ತಿಳಿಸಿದರು. ನಿಂತ ಬಸ್ಸು ಬಿಸಿಯಾಗುವುದಿಲ್ಲ, ಇಂಜಿನ್ನಿನ ದೋಷ ಚಡಾವಿನಲ್ಲೇ ಗೊತ್ತಾಗುತ್ತದೆ. ಮಲಗಿದಾಗ ತೆಗೆದ ಇಸಿಜಿ ಸರಿಯಿದ್ದರೂ ಹೃದಯ ಸರಿಯಿದೆ ಎಂದು ಹೇಳಲಾಗದು. ಬಾಂಬೋಳಿಯ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಟ್ರೆಡ್‌ಮಿಲ್ ಎಂಬ ಓಡುವ ಪಟ್ಟಿಯ ಮೇಲೆ ಡಾಕ್ಟರ ಎದುರಿಗೇ ನಡೆಸಿ ನೋಡಿದಾಗ ಗುಟ್ಟು ರಟ್ಟಾಯಿತು. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಿರಿದಾಗಿತ್ತು. ಅಟ್ಯಾಕು ಆಗಿರಲಿಲ್ಲ, ಆಗುವ ಮುಂಚೆಯೇ ಬಂದಿದ್ದೀರಿ ಎಂದರು. ದಿನಾ ತಪ್ಪದೆ ನುಂಗಲು ಗುಳಿಗೆ ಕೊಟ್ಟರು. ಎದೆ ಬಿಗಿದಾಗ ಕೂತು ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ಬೇರೊಂದು ಗುಳಿಗೆ ಕೊಟ್ಟರು. ಭಾರ ಹೊರಬೇಡಿ, ಬೀಡಿ ಬಿಡಿ, ಉಪ್ಪು ಕಡಿಮೆ ಮಾಡಿ ಎಂದರು. ಜನರಿರುವ ಬಸ್ಸು ಇನ್ನು ಬೇಡ ಎಂದೂ ಹೇಳಿದರು.

ಆ ಕೊನೆಯ ಮಾತಿಗೆ ದಾವಲ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಬಸ್ಸಿನಲ್ಲಿ ಹೋಗುವ ಕೆಲಸಗಾರರ ಪರವಾಗಿ ಹೇಮಲಪ್ಪ ಬಂದ. ಅವನು ಹನ್ನೆರಡು ವರ್ಷ ದಾವಲನ ಹಿಂದಿನ ಸೀಟಿನಲ್ಲಿ ಕೂತು ನಿದ್ದೆ ಮಾಡಿದವನು. ಹೊಸ ಡ್ರೈವರನ ಬಸ್ಸಿನಲ್ಲಿ ನಿದ್ದೆಯೇ ಬರುವುದಿಲ್ಲ, ಪ್ರತಿ ತಿರುವಿಗೂ ದೇವರ ಹೆಸರು ಬಾಯಿಗೆ ಬರುತ್ತದೆ ಎಂದು ದೂರಿದ. ನಲವತ್ತೂ ಮಂದಿ ಗುತ್ತಿಗೆದಾರನ ಹತ್ತಿರ ಹೋಗಿದ್ದರಂತೆ. ಬಸ್ಸು ನಿಲ್ಲುವ ಅಂಗಳದಲ್ಲಿ ಬಸ್ಸುಗಳ ವೇಳೆ ನೋಡಿಕೊಳ್ಳಲು, ಡ್ರೈವರುಗಳನ್ನು ತಿದ್ದಲು ಒಬ್ಬ ಅನುಭವಸ್ಥ ಬೇಕೇ ಇತ್ತಂತೆ. ಪಗಾರ ಸ್ವಲ್ಪ ಕಡಿಮೆ, ಆದರೆ ಎಂಟು ಬಸ್ಸಿಗೂ ಯಜಮಾನ. ದಾವಲ ಒಪ್ಪಿಕೊಂಡ.

ಮನೆಯಲ್ಲೂ ಹೊಸ ಕಾಯಿದೆ ಬಂತು. ನೀರನ್ನೆಲ್ಲ ಲಾಲಬಿ ಮತ್ತು ಮಗಳು ಅಖ್ತರಬಾನು ತರತೊಡಗಿದರು. ಸಣ್ಣ ಕೊಡ, ಒಂದು ಸಲ ಹೆಚ್ಚು. ಉಪ್ಪಿನಕಾಯಿಯ ಭರಣಿ, ಒಣಮೀನಿನ ಡಬ್ಬಿ ಫಕೀರವ್ವನ ಮನೆಗೆ ಹೋದವು. ದಾವಲ ಬೀಡಿ ಬಿಡುವಾಗ ಬೆಕ್ಕಿನ ಮೇಲೂ ಸಿಟ್ಟು ಮಾಡಿದ. ಅಖ್ತರಬಾನು ಅವನ ಜೇಬಿನಲ್ಲಿ ಬೀಡಿಯ ಜಾಗಕ್ಕೆ ಅಗಿಯಲು ಬಡೇಸೋಪಿನ ಪುಡಿಕೆ ಇಟ್ಟಳು. ಒಮ್ಮೆ ಅವನು ಬಸ್ಸಿನ ಹಿಂದೆ ಮರೆಯಾಗಿ ಬೀಡಿ ಹಚ್ಚಿದಾಗ ಎಂಟೂ ಬಸ್ಸು ಒಟ್ಟಿಗೆ ಹಾರ್ನ್ ಹೊಡೆದವು. ಲಾಲಬಿ ಡ್ರೈವರುಗಳಿಗೆಲ್ಲ ಮೊದಲೇ ಹೇಳಿಟ್ಟಿದ್ದಳು. ಅದೇ ಕೊನೆಯ ಬೀಡಿ.

ಆಮೇಲೆ ದಾವಲ ಡಾಕ್ಟರು ಹೇಳಿದ ಹಾಗೆ ಮುಂಜಾನೆ ಬರಿಗೈಯಲ್ಲಿ ನಿಧಾನವಾಗಿ ಗುಡ್ಡ ಇಳಿದು ಏರುತ್ತಿದ್ದ. ಏರುವಾಗ ನಿಲ್ಲುವ ಪ್ರಮೇಯ ಬರುತ್ತಿರಲಿಲ್ಲ. ಆದರೆ ಇಳಿಯುವಾಗ ಫಕೀರವ್ವನ ಕಟ್ಟೆಯ ಮುಂದೆ ತಪ್ಪದೆ ನಿಲ್ಲುತ್ತಿದ್ದ.

"ಅಕ್ಕಾ, ಮೊಣಕಾಲು ಹ್ಯಾಂಗೈತ್ರಿ?"

"ಈಗ ಖರೇನ ಕೇಳಾಕತ್ತಿ," ಎನ್ನುತ್ತಿದ್ದಳು ಫಕೀರವ್ವ. "ಚಲೋ ಐತಪಾ."

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಮೆಟ್ಟಿಲ ನಡುವೆ ನಿಂತು ಕೋಳಿಯ ಕುಶಲ ಕೇಳುವವರು ಇರಬಹುದು. ನಗಿರಿ, ಆದರೆ ನಕ್ಕು ಬಿಡಬೇಡಿ. ದುಡಿಯುವಾಗ, ಏರುವಾಗ ಎದೆ ಬಿಗಿದು, ನಿಂತರೆ ಹೋಗುತ್ತದೆಯೇ ಎಂದು ಕೇಳಿ. ಹೆಂಗಸರಿಗೆ ಬರಿಯ ಉಸಿರು ಕಟ್ಟುವುದು, ಬೆವರುವುದು, ವಿಪರೀತ ದಣಿವು ಇಷ್ಟೇ ಆಗಬಹುದು. ಅದನ್ನೂ ಕೇಳಿ. ಸೋಡಾ ಕೊಡಿಸುವ ಬದಲು ದವಾಖಾನೆಗೆ ಕರೆದುಕೊಂಡು ಹೋಗಿ. ನಿಂತರೂ ಕೂತರೂ ಬಿಗಿತ ಹೋಗದಿದ್ದರೆ ಒಂದು ನಿಮಿಷವೂ ಕಾಯಬೇಡಿ, ಅವರನ್ನು ನಡೆಸಬೇಡಿ, ಗಾಡಿ ಮಾಡಿ ದವಾಖಾನೆಗೆ ಒಯ್ಯಿರಿ. ನಲವತ್ತು ದಾಟಿದವರು ನೋವಿಲ್ಲದಿದ್ದರೂ ವರ್ಷಕ್ಕೊಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳಿ. ಡಾಕ್ಟರ ಮುಂದೆ ಬೀಡಿಯ ಲೆಕ್ಕ ಖರೇ ಹೇಳಿ. ಹೇಳಲು ನಾಚಿಕೆಯಾದರೆ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಆಕೆ ಹೇಳುತ್ತಾಳೆ.